ಕೊಲ್ಹಾಪುರ–ಮಿರಜ ಹಳಿ: ಯಾರ ಅಳತೆ, ಯಾರ ಇತಿಹಾಸ?

ನಮ್ಮ ದತ್ತವಾಡಕ್ಕೆ ರೈಲಿಲ್ಲ; ಹತ್ತಿರದ್ದು 1891ರ ಕೊಲ್ಹಾಪುರ–ಮಿರಜ ಮಾರ್ಗ. ಮೀಟರ್‌ಗೇಜ್ ಇದ್ದದ್ದು 1971ರಲ್ಲಿ ಬ್ರಾಡ್‌ಗೇಜ್ ಆಯ್ತು. ಇತಿಹಾಸ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನನ್ನ ಪ್ರಶ್ನೆ ಬೇರೆ: ಹಳಿ ಸರಿಯಿದೆ ಅಂತ ಯಾರು, ಹೇಗೆ ತಿಳಕೊಳ್ತಿದ್ರು?

ಗ್ಯಾಂಗ್‌ಮನ್‌ಗಳು ಹಳಿಗುಂಟ ನಡೆದು ನೋಡ್ತಿದ್ರು. ಆದರೆ ಈ ಭಾಗದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಸ್ಲೀಪರಿನ ಕೆಳಗೆ ಪೊಳ್ಳಾದರೂ ಹಳಿ ನೋಡೋಕೆ ನೆಟ್ಟಗೇ ಇರುತ್ತದೆ. ಗಾಡಿಯ ಭಾರ ಬಿದ್ದಾಗ ಮಾತ್ರ ಕುಸಿಯುತ್ತದೆ. ಅದಕ್ಕೇ ಈಗ ಓಡುವ ಗಾಡಿಯೊಳಗೇ ಉಪಕರಣ ಇಟ್ಟು ಅಲುಗಾಟ ಅಳೀತಾರೆ.

ಆ ಅಂಕಿ ಕಡತ ಸೇರುತ್ತದೆ. ಹಳಿಯ ಸದ್ದಿನಿಂದಲೇ ದೋಷ ಗುರುತಿಸಿದವರ ಅನುಭವ ಸೇರುವುದಿಲ್ಲ. ನಿವೃತ್ತರಾದವರು ನಮ್ಮ ಊರುಗಳಲ್ಲಿ ಇರುವಾಗಲೇ, ಕನ್ನಡವೋ ಮರಾಠಿಯೋ, ಅವರ ಮಾತಿನಲ್ಲೇ ಕೇಳಿ ಬರೆದಿಡೋಣ. ಅದೂ ಈ ಮಾರ್ಗದ ದಾಖಲೆಯೇ.