ವಾಕಿಟಾಕಿ ಕೊಳ್ಳೋಕೆ ಮುಂಚೆ: ಲೈಸೆನ್ಸ್ ಯಾವುದಕ್ಕೆ ಬೇಕು, ಮಳೆಗಾಲಕ್ಕೆ ಯಾವ ಸೆಟ್ ಸರಿ?

ಮೂಡಿಗೆರೆ: ಮಳೆಗಾಲ ಹತ್ತಿರ ಬಂತು ಅಂದ್ರೆ ಮಲೆನಾಡಿನ ಎಸ್ಟೇಟ್, ಹೋಂಸ್ಟೇ, ಅಂಗಡಿಯವರಿಗೆಲ್ಲ ಒಂದೇ ಚಿಂತೆ. ಕರೆಂಟ್ ಹೋದ್ರೆ ಮೊಬೈಲ್ ಟವರ್ ಎಷ್ಟು ಹೊತ್ತು ತಡೆಯುತ್ತೆ? ಟವರ್‌ನ ಬ್ಯಾಟರಿ ಇಳಿದು, ಜನರೇಟರ್‌ಗೆ ಡೀಸೆಲ್ ಮುಗಿದ ಮೇಲೆ ಕೈಯಲ್ಲಿರೋ ಫೋನ್ ಬರೀ ಟಾರ್ಚ್. 2019ರ ಆಗಸ್ಟ್ ಮಳೆಗೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳು ಹೋದವು, ಚಾರ್ಮಾಡಿ ಘಾಟ್ ರಸ್ತೆ ಬಂದ್ ಆಯ್ತು. ಅದರ ಹಿಂದಿನ ವರ್ಷ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆಯೂ ಇದೇ ಗತಿ. ಅಂಥ ಹೊತ್ತಲ್ಲಿ ಪಕ್ಕದ ಲೈನ್ ಮನೆಯವರು ಸೇಫಾಗಿದ್ದಾರಾ ಅಂತ ತಿಳ್ಕೊಳ್ಳೋದೇ ದೊಡ್ಡ ಕೆಲಸ.

ಇದಕ್ಕೇ ಅನೇಕರು ವಾಕಿಟಾಕಿ ತಗೊಳ್ಳೋಣ ಅಂತ ಆನ್‌ಲೈನ್ ಹುಡುಕ್ತಾರೆ. ಫೋಟೊ ನೋಡಿ, ರೇಟು ನೋಡಿ, ‘10 ಕಿಲೋಮೀಟರ್ ರೇಂಜ್’ ಅಂತ ಓದಿ ಆರ್ಡರ್ ಮಾಡ್ತಾರೆ. ಆದ್ರೆ ಹಾಗೆ ಸಿಗೋ ಸೆಟ್‌ಗಳಲ್ಲಿ ಹಲವನ್ನು ಲೈಸೆನ್ಸ್ ಇಲ್ಲದೆ ಮನೇಲಿ ಇಟ್ಟುಕೊಳ್ಳೋ ಹಾಗೇ ಇಲ್ಲ. ಆದ್ದರಿಂದ ಮೊದಲು ಕಾನೂನು ನೋಡಿ, ಆಮೇಲೆ ನಿಮ್ಮ ಜಾಗ ನೋಡಿ, ಕೊನೆಗೆ ಸೆಟ್ ನೋಡಿ. ಈ ಕ್ರಮ ತಪ್ಪಿದ್ರೆ ದುಡ್ಡೂ ಹೋಗುತ್ತೆ, ಕೇಸೂ ಬೀಳಬಹುದು.

ಲೈಸೆನ್ಸ್ ಬೇಡದ ಸೆಟ್ ಯಾವುದು?

ಭಾರತದಲ್ಲಿ ಸಾಮಾನ್ಯ ಜನ ಲೈಸೆನ್ಸ್ ಇಲ್ಲದೆ ವಾಕಿಟಾಕಿ ಬಳಸೋಕೆ ಬಿಟ್ಟಿರೋ ಫ್ರೀಕ್ವೆನ್ಸಿ 446.0ರಿಂದ 446.2 ಮೆಗಾಹರ್ಟ್ಜ್. 2018ರ ನಿಯಮದಲ್ಲಿ ಇದಕ್ಕೆ ವಿನಾಯಿತಿ ಇದೆ. ಇವು ಅರ್ಧ ವ್ಯಾಟ್‌ನಷ್ಟು ಶಕ್ತಿಯ ಚಿಕ್ಕ ಸೆಟ್‌ಗಳು. ಲೈಸೆನ್ಸ್ ಬೇಡ ಅಂದ್ರೂ ಸೆಟ್‌ಗೆ ಇಟಿಎ ಅನ್ನೋ ಅನುಮೋದನೆ ಇರಲೇಬೇಕು. ಅದನ್ನ ಕೊಡೋದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಕಂಪನಿ, ಮಾಡೆಲ್ ಹೆಸರಲ್ಲಿ ಇಟಿಎ ಇರುತ್ತೆ. ಕೊಳ್ಳೋ ಮುಂಚೆ ಅದರ ಪ್ರತಿ ಕೇಳಿ ತಗೊಳ್ಳಿ. ಪ್ರತಿಯಲ್ಲಿರೋ ಮಾಡೆಲ್ ನಂಬರ್‌ಗೂ ಸೆಟ್ ಹಿಂದೆ ಇರೋ ನಂಬರ್‌ಗೂ ತಾಳೆ ಆಗಬೇಕು.

ತೊಂದರೆ ಇರೋದು 136ರಿಂದ 174, 400ರಿಂದ 470 ಮೆಗಾಹರ್ಟ್ಜ್‌ವರೆಗೆ ಬೇಕಾದ ಕಡೆ ಟ್ಯೂನ್ ಆಗೋ ಸೆಟ್‌ಗಳಲ್ಲಿ. 446 ಕೂಡ ಅದರೊಳಗೇ ಬರುತ್ತಲ್ಲ ಅಂತ ವಾದ ಮಾಡೋರಿದ್ದಾರೆ. ಆ ವಾದ ನಿಲ್ಲಲ್ಲ. ಪೊಲೀಸ್, ಅರಣ್ಯ ಇಲಾಖೆಯಂಥವರ ಮಾತು ನಡೆಯೋದೂ ಇಂಥ ಬ್ಯಾಂಡ್‌ಗಳಲ್ಲೇ. ಗೊತ್ತಿಲ್ಲದೆ ಒಂದು ಬಟನ್ ಒತ್ತಿದ್ರೆ ಅವರ ಮಾತಿಗೆ ಅಡ್ಡ ಬರಬಹುದು. ಗುಡ್ಡ ಕುಸಿದ ರಾತ್ರಿ ರಕ್ಷಣೆಗೆ ಬಂದವರ ಚಾನೆಲ್‌ನಲ್ಲಿ ಬೇರೆಯವರ ಗಲಾಟೆ ತುಂಬಿದ್ರೆ ಏನಾಗುತ್ತೆ ಅಂತ ಯೋಚಿಸಿ.

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ಆನ್‌ಲೈನ್ ಮಾರಾಟ ತಾಣಗಳಿಗೆ 13 ನೋಟಿಸ್ ಕೊಟ್ಟಿತು. ಆಗ ಪತ್ತೆಯಾದ ಪಟ್ಟಿಗಳು 16,970. ಅದೇ ತಿಂಗಳ ಕೊನೆಗೆ ಮಾರ್ಗಸೂಚಿಯೂ ಬಂತು: ಫ್ರೀಕ್ವೆನ್ಸಿ, ಲೈಸೆನ್ಸ್ ಬೇಕೋ ಬೇಡವೋ, ಇಟಿಎ ಇದೆಯೋ ಅನ್ನೋದನ್ನ ಮಾರೋರು ಸ್ಪಷ್ಟವಾಗಿ ತಿಳಿಸಬೇಕು. ಅಂದ್ರೆ ಆನ್‌ಲೈನ್‌ನಲ್ಲಿ ಸಿಕ್ಕಿದ್ದೆಲ್ಲ ಕಾನೂನುಬದ್ಧ ಅಲ್ಲ.

ದೊಡ್ಡ ಸೆಟ್ ಬೇಕಾದ್ರೆ?

5 ವ್ಯಾಟ್ ಸೆಟ್, ಗುಡ್ಡದ ಮೇಲೆ ರಿಪೀಟರ್, ಜೀಪಿನಲ್ಲಿ ಕೂರಿಸೋ ಸೆಟ್ — ಇವಕ್ಕೆಲ್ಲ ಲೈಸೆನ್ಸ್ ಬೇಕು. ಅರ್ಜಿ ಹಾಕೋದು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಎಷ್ಟು ಸೆಟ್, ಯಾವ ಜಾಗ, ಏನು ಕೆಲಸ ಅಂತ ಹೇಳಿದ ಮೇಲೆ ನಿಮಗೇ ಒಂದು ಫ್ರೀಕ್ವೆನ್ಸಿ ಕೊಡ್ತಾರೆ. ಅದಕ್ಕೆ ಶುಲ್ಕ ಕಟ್ಟುತ್ತಾ ಹೋಗಬೇಕು. ಆಂಟೆನಾಗೆ ಕಂಬ ನಿಲ್ಲಿಸೋದಾದ್ರೆ ಆ ಜಾಗಕ್ಕೂ ಅನುಮತಿ ಬೇಕು. ಇದು ಒಂದೆರಡು ವಾರದಲ್ಲಿ ಮುಗಿಯೋ ಕೆಲಸ ಅಲ್ಲ. ಜೂನ್ ಮಳೆಗೆ ಬೇಕು ಅಂದ್ರೆ ಕಾಫಿ ಕುಯ್ಲಿನ ಹೊತ್ತಿಗೇ ಶುರು ಮಾಡಿ. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಹಳೇ ನಿಯಮಗಳು ಬದಲಾಗ್ತಿವೆ, ಅರ್ಜಿ ಹಾಕೋ ದಿನ ಪೋರ್ಟಲ್‌ನಲ್ಲಿರೋದನ್ನೇ ನಂಬಿ.

ಫಾರಿನ್‌ನಿಂದ ತಂದ ಸೆಟ್

ಅಮೆರಿಕದಲ್ಲಿರೋ ಮಗಳು, ಅಳಿಯ ಊರಿಗೆ ಬರುವಾಗ ಒಂದು ಜೋಡಿ ವಾಕಿಟಾಕಿ ತರೋದುಂಟು. ಅಲ್ಲಿನ ಮನೆಬಳಕೆ ಸೆಟ್‌ಗಳು ಕೆಲಸ ಮಾಡೋದು 462 ಮತ್ತು 467 ಮೆಗಾಹರ್ಟ್ಜ್‌ನಲ್ಲಿ. ಅಲ್ಲಿ ಲೈಸೆನ್ಸ್ ಬೇಡ, ಇಲ್ಲಿ ಆ ವಿನಾಯಿತಿ ಇಲ್ಲ. ಸ್ಯಾಟಲೈಟ್ ಫೋನ್ ಇನ್ನೂ ಗಂಭೀರ. ಥುರಾಯಾ, ಇರಿಡಿಯಂ ಫೋನ್‌ಗಳನ್ನ ಭಾರತದಲ್ಲಿ ಬಳಸೋ ಹಾಗಿಲ್ಲ. ಹೋಂಸ್ಟೇಗೆ ಬರೋ ವಿದೇಶಿ ಅತಿಥಿಗಳಿಗೂ ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು.

ಬಾಕ್ಸ್ ಮೇಲಿನ ಕಿಲೋಮೀಟರ್ ನಂಬಬೇಡಿ

ಈ ಸೆಟ್‌ಗಳ ರೇಡಿಯೊ ಅಲೆ ಹೆಚ್ಚುಕಮ್ಮಿ ನೇರ ಹೋಗುತ್ತೆ. ಪೂರ್ತಿ ಸಪಾಟಾದ ಬಯಲಲ್ಲಿ ಇಬ್ಬರು ನಿಂತು, ಸೆಟ್ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ್ರೆ ಭೂಮಿಯ ಉಬ್ಬು ಅಡ್ಡ ಬರೋದು ಸುಮಾರು 10 ಕಿಲೋಮೀಟರ್‌ಗೆ. ಎಷ್ಟೇ ಶಕ್ತಿ ಇರೋ ಸೆಟ್ ಆದ್ರೂ ಕೈಯಿಂದ ಕೈಗೆ ಅದೇ ಮಿತಿ. ನಮ್ಮಲ್ಲಿ ಬಯಲೆಲ್ಲಿದೆ? ಮಧ್ಯೆ ಒಂದು ಗುಡ್ಡ, ಸಿಲ್ವರ್ ಓಕ್ ಸಾಲು, ನೆನೆದ ಕಾಫಿ ಗಿಡ. ಅರ್ಧ ವ್ಯಾಟ್ ಸೆಟ್ ಇಲ್ಲಿ ಒಂದು ಕಿಲೋಮೀಟರ್ ಕೇಳಿಸಿದ್ರೆ ಅದೇ ಹೆಚ್ಚು, ಗುಡ್ಡದ ಆಚೆ ಇಳಿದ್ರೆ ಅದೂ ಇಲ್ಲ.

ವ್ಯಾಟ್ ಹತ್ತು ಪಟ್ಟು ಆದ್ರೆ ದೂರ ಹತ್ತು ಪಟ್ಟು ಆಗಲ್ಲ. ಹೆಚ್ಚು ಉಪಯೋಗ ಎತ್ತರದ್ದು. 30 ಮೀಟರ್ ಎತ್ತರದ ಆಂಟೆನಾದಿಂದ ನೆಲದಲ್ಲಿ ನಿಂತವನಿಗೆ, ಲೆಕ್ಕದ ಪ್ರಕಾರ, 27 ಕಿಲೋಮೀಟರ್ ದಾರಿ ತೆರೆಯುತ್ತೆ. ರಿಪೀಟರನ್ನ ಗುಡ್ಡದ ತಲೆ ಮೇಲೆ ಇಡೋದು ಇದಕ್ಕೇ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸ್ಕೊಂಡು ಇನ್ನೊಂದರಲ್ಲಿ ಜೋರಾಗಿ ಹೇಳುತ್ತೆ. ಚಿಕ್ಕ ಸೆಟ್ ಇರೋರಿಗೂ ಇದೇ ಪಾಠ: ಹಳ್ಳದಲ್ಲಿ ನಿಂತು ಕೂಗೋ ಬದಲು ನಾಲ್ಕು ಹೆಜ್ಜೆ ದಿಣ್ಣೆ ಹತ್ತಿ.

ಕೊಳ್ಳೋಕೆ ಮುಂಚೆ ಮಾರೋರನ್ನ ನಿಮ್ಮ ಜಾಗಕ್ಕೇ ಕರೆಸಿ. ಗೇಟು, ಪಲ್ಪರ್ ಹೌಸ್, ಲೈನ್ ಮನೆ, ತೋಟದ ಕೊನೆ ಮೂಲೆ, ಎಲ್ಲಾ ಕಡೆ ನಿಂತು ಮಾತಾಡಿ ನೋಡಿ. ಮಳೆ ಬರೋವಾಗ ನೋಡಿದ್ರೆ ಇನ್ನೂ ಒಳ್ಳೇದು.

ವಿಎಚ್‌ಎಫ್, ಯುಎಚ್‌ಎಫ್, ಡಿಜಿಟಲ್

ಲೈಸೆನ್ಸ್ ತಗೊಳ್ಳೋರಿಗೆ ಈ ಆಯ್ಕೆ ಬರುತ್ತೆ. ವಿಎಚ್‌ಎಫ್ ಅಂದ್ರೆ 150 ಮೆಗಾಹರ್ಟ್ಜ್ ಆಸುಪಾಸು. ತೋಟ, ಕಾಡು, ತೆರೆದ ಜಾಗಕ್ಕೆ ಇದು ಮೇಲು. ಯುಎಚ್‌ಎಫ್ ಅಂದ್ರೆ 400ರ ಮೇಲೆ. ಆಸ್ಪತ್ರೆ, ಕಲ್ಯಾಣ ಮಂಟಪ, ಕಾಂಕ್ರೀಟ್ ಕಟ್ಟಡದ ಒಳಗೆ ಕಿಟಕಿ ಬಾಗಿಲಲ್ಲಿ ನುಸುಳಿಕೊಂಡು ಹೋಗೋದು ಇದು. ವಿಎಚ್‌ಎಫ್ ಸೆಟ್‌ಗೂ ಯುಎಚ್‌ಎಫ್ ಸೆಟ್‌ಗೂ ಮಾತಾಗಲ್ಲ. ಆದ್ದರಿಂದ ಎಲ್ಲಾ ಸೆಟ್ ಒಂದೇ ಬ್ಯಾಂಡ್‌ದು ಇರಲಿ.

ಅನಲಾಗ್ ಸೆಟ್ ದೂರ ಹೋದಂತೆ ಬುಸ್ಸೆನ್ನುತ್ತೆ, ಆದ್ರೂ ಮಾತು ಅರೆಬರೆ ಸಿಗುತ್ತೆ. ಡಿಜಿಟಲ್ ಕೊನೇವರೆಗೂ ಸ್ವಚ್ಛವಾಗಿ ಕೇಳಿಸಿ, ಆಮೇಲೆ ತಟ್ಟನೆ ನಿಂತುಹೋಗುತ್ತೆ. ಡಿಎಂಆರ್ ಅನ್ನೋ ಡಿಜಿಟಲ್ ಪದ್ಧತಿಯಲ್ಲಿ 12.5 ಕಿಲೋಹರ್ಟ್ಜ್‌ನ ಒಂದೇ ಚಾನೆಲ್‌ನಲ್ಲಿ ಎರಡು ಮಾತುಕತೆ ನಡೆಯುತ್ತೆ. ಸೆಟ್ ಜಾಸ್ತಿ ಇದ್ರೆ ಅದು ಲಾಭ. ನಾಲ್ಕೈದು ಸೆಟ್‌ಗೆ ಅನಲಾಗ್ ಸಾಕು.

‘ಪ್ರೈವೆಸಿ ಕೋಡ್’ ಅಂತ ಬರೆದಿದ್ರೆ ಮೋಸ ಹೋಗಬೇಡಿ. ಆ ಕೋಡ್ ಬೇರೆಯವರ ಮಾತು ನಿಮಗೆ ಕೇಳದ ಹಾಗೆ ಮಾಡುತ್ತೆ ಅಷ್ಟೇ, ನಿಮ್ಮ ಮಾತು ಅವರಿಗೆ ಕೇಳೇ ಕೇಳುತ್ತೆ. ದುಡ್ಡು ಸಾಗಿಸೋ ವಿಷಯ, ಬೀಗದ ಕೈ ಎಲ್ಲಿದೆ ಅನ್ನೋ ವಿಷಯ ವಾಕಿಟಾಕಿಯಲ್ಲಿ ಬೇಡ.

ಸಿಮ್ ಹಾಕೋ ವಾಕಿಟಾಕಿ

ನೋಡೋಕೆ ವಾಕಿಟಾಕಿ ಥರಾನೇ, ಒಳಗೆ 4ಜಿ ಸಿಮ್. ನೆಟ್‌ವರ್ಕ್ ಇರೋ ಕಡೆ ಮೂಡಿಗೆರೆಯಿಂದ ಮಂಗಳೂರಿಗೂ ಬಟನ್ ಒತ್ತಿ ಮಾತಾಡಬಹುದು. ಲಾರಿ, ಶಾಲಾ ಬಸ್, ಡೆಲಿವರಿ ಗಾಡಿ ಇಟ್ಟಿರೋರಿಗೆ ಚೆನ್ನಾಗಿದೆ. ಆದ್ರೆ ಟವರ್ ಹೋದ್ರೆ ಇದೂ ಹೋಯ್ತು. ಮಳೆಗಾಲದ ತುರ್ತಿಗೆ ಅಂತ ಇದನ್ನ ಕೊಂಡ್ರೆ ಬೇಕಾದ ದಿನವೇ ಕೈ ಕೊಡುತ್ತೆ.

ಯಾರಿಗೆ ಯಾವುದು?

- ಅಂಗಡಿ ಮತ್ತು ಹಿಂದಿನ ಗೋಡೌನ್, ಚಿಕ್ಕ ಹೋಂಸ್ಟೇ, ಪೆಟ್ರೋಲ್ ಬಂಕ್: ಇಟಿಎ ಇರೋ 446 ಸೆಟ್ ಸಾಕು.
- ಕಲ್ಯಾಣ ಮಂಟಪ, ಶಾಲೆ: 446 ಸೆಟ್ ತಂದು ಮೊದಲು ಒಳಗೆಲ್ಲ ಪರೀಕ್ಷೆ ಮಾಡಿ.
- ದೊಡ್ಡ ಎಸ್ಟೇಟ್, ಕ್ರಷರ್: ಲೈಸೆನ್ಸ್ ತಗೊಂಡ ವಿಎಚ್‌ಎಫ್, ಗುಡ್ಡ ಅಡ್ಡ ಇದ್ರೆ ರಿಪೀಟರ್.
- ಜಾತ್ರೆ ಸಮಿತಿ: ಎರಡು ದಿನಕ್ಕೆ ಕೊಳ್ಳೋದು ದಂಡ. ಬಾಡಿಗೆಗೆ ತರೋದಾದ್ರೆ ಕೊಡೋರ ಲೈಸೆನ್ಸ್ ಪ್ರತಿ ಕೇಳಿ, ಅದು ನಿಮ್ಮ ಊರಿಗೂ ಅನ್ವಯ ಆಗುತ್ತಾ ನೋಡಿ.
- ಗಾಡಿ ಓಡಿಸೋರು: ಸಿಮ್ ಸೆಟ್.

ಸೆಟ್ ಕೈಗೆ ತಗೊಂಡಾಗ

ಐಪಿ ನಂಬರ್ ನೋಡಿ. ಐಪಿ54 ಅಂದ್ರೆ ನೀರಿನ ಸಿಡಿತ ತಡೆಯುತ್ತೆ. ಐಪಿ67 ಅಂದ್ರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇದ್ರೂ ತಡೆಯುತ್ತೆ. ಮಲೆನಾಡಿಗೆ ಎರಡನೇದು.

ಬ್ಯಾಟರಿ ಎಷ್ಟು ಗಂಟೆ ಅಂತ ಬರೆದಿರೋದು ಸಾಮಾನ್ಯವಾಗಿ 5-5-90 ಲೆಕ್ಕದಲ್ಲಿ. ನೂರು ನಿಮಿಷದಲ್ಲಿ 5 ನಿಮಿಷ ಮಾತು, 5 ನಿಮಿಷ ಕೇಳೋದು, 90 ನಿಮಿಷ ಸುಮ್ಮನೆ. ತುರ್ತಿನಲ್ಲಿ ಯಾರೂ ಸುಮ್ಮನೆ ಇರಲ್ಲ, ಬ್ಯಾಟರಿ ಬೇಗ ಇಳಿಯುತ್ತೆ. ಪ್ರತಿ ಸೆಟ್‌ಗೆ ಒಂದು ಬ್ಯಾಟರಿ ಎಕ್ಸ್‌ಟ್ರಾ ಇರಲಿ. ಕಾರಿನಲ್ಲೋ ಸೋಲಾರ್‌ನಲ್ಲೋ ಚಾರ್ಜ್ ಆಗೋ ಹಾಗಿರಲಿ. ಅಂಗಡಿಯಲ್ಲಿ ಸಿಗೋ ಪೆನ್ಸಿಲ್ ಸೆಲ್ ಹಾಕೋ ಮಾಡೆಲ್ ಸಿಕ್ಕರೆ ಕರೆಂಟ್ ಇಲ್ಲದ ದಿನ ಅದೇ ಕಾಪಾಡುತ್ತೆ.

ಹ್ಯಾಮ್ ರೇಡಿಯೊ: ಊರಿಗೊಬ್ಬರಾದ್ರೂ ಇರಲಿ

ದೊಡ್ಡ ಅನಾಹುತ ಆದಾಗ ಊರಿನಿಂದ ಹೊರಗೆ ಸುದ್ದಿ ಮುಟ್ಟಿಸಿದವರು ಅನೇಕ ಸಲ ಹ್ಯಾಮ್‌ಗಳು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಹ್ಯಾಮ್ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ನಲ್ಲಿ ರೇಡಿಯೊ ಇಟ್ಟುಕೊಂಡಿದ್ರು, ಅಂಡಮಾನ್‌ನ ಸುದ್ದಿ ಹೊರಗೆ ಬರೋಕೆ ಅದು ದಾರಿಯಾಯ್ತು. 2024ರ ಜುಲೈ 30ರ ವಯನಾಡ್ ಭೂಕುಸಿತದ ಮೇಲೂ ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹ್ಯಾಮ್‌ಗಳು ಸ್ಟೇಷನ್ ಹಾಕಿದ್ರು.

12 ವರ್ಷ ತುಂಬಿದ ಯಾರು ಬೇಕಾದ್ರೂ ಪರೀಕ್ಷೆ ಬರೆಯಬಹುದು. ರೇಡಿಯೊದ ಮೂಲಪಾಠ, ನಿಯಮಗಳು ಗೊತ್ತಿರಬೇಕು. ಪಾಸಾದವರಿಗೆ ಲೈಸೆನ್ಸ್, ತಮ್ಮದೇ ಕರೆ ಹೆಸರು ಸಿಗುತ್ತೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ತರಬೇತಿ ಕೊಡುತ್ತೆ. ಆದ್ರೆ ಹ್ಯಾಮ್ ಸೆಟ್‌ನಲ್ಲಿ ವ್ಯಾಪಾರದ ಮಾತು ಆಡೋ ಹಾಗಿಲ್ಲ. ಎಸ್ಟೇಟ್ ರೈಟರ್‌ಗೆ ಕೆಲಸ ಹೇಳೋಕೆ ಇದು ಅಲ್ಲ.

ತುರ್ತಿನಲ್ಲಿ ಹೇಗೆ ಮಾತಾಡಬೇಕು?

ಸೆಟ್ ಇದ್ದು ಅಭ್ಯಾಸ ಇಲ್ಲದಿದ್ರೆ ಪ್ರಯೋಜನ ಇಲ್ಲ. ತಿಂಗಳಿಗೊಮ್ಮೆ ಎಲ್ಲರೂ ಆನ್ ಮಾಡಿ ಮಾತಾಡಿ.

- ಬಟನ್ ಒತ್ತಿ ಒಂದು ಸೆಕೆಂಡ್ ಬಿಟ್ಟು ಶುರು ಮಾಡಿ. ಇಲ್ಲಾಂದ್ರೆ ಮೊದಲ ಮಾತೇ ಕತ್ತರಿಸಿ ಹೋಗುತ್ತೆ. ‘ಬೇಡ ಬನ್ನಿ’ ಅನ್ನೋದು ‘ಬನ್ನಿ’ ಅಂತ ಕೇಳಿಸಿದ್ರೆ ಜೀವಕ್ಕೇ ಬರುತ್ತೆ.
- ಮೊದಲು ಯಾರನ್ನ ಕರೀತಿದ್ದೀರಿ, ಆಮೇಲೆ ನೀವು ಯಾರು ಅಂತ ಹೇಳಿ. ಮುಗಿದ ಮೇಲೆ ‘ಓವರ್’.
- ಎಲ್ಲಿ, ಏನಾಗಿದೆ, ಎಷ್ಟು ಜನ, ಏನು ಬೇಕು: ಈ ನಾಲ್ಕೇ ಹೇಳಿ. ಕೇಳಿಸ್ಕೊಂಡವರು ತಿರುಗಿ ಅದನ್ನೇ ಹೇಳಬೇಕು.
- ಬ್ಯಾಟರಿ ಉಳಿಸೋಕೆ ಹೊತ್ತು ಗೊತ್ತುಮಾಡಿ. ಪ್ರತಿ ಗಂಟೆಗೆ ಮೊದಲ ಐದು ನಿಮಿಷ ಎಲ್ಲರೂ ಆನ್, ಆಮೇಲೆ ಒಬ್ಬರು ಮಾತ್ರ ಆನ್.
- ಗುಡುಗು ಮಿಂಚು ಇರುವಾಗ ದಿಣ್ಣೆ ಮೇಲೆ, ಆಂಟೆನಾ ಕಂಬದ ಹತ್ತಿರ ನಿಲ್ಲಬೇಡಿ.

ರಸ್ತೆ, ಟವರ್ ಎರಡೂ ಹೋದಾಗ ನಿಮ್ಮ ಸೆಟ್‌ನಿಂದ ನೇರ ತಾಲ್ಲೂಕು ಕಚೇರಿಗೆ ಮಾತಾಡೋಕೆ ಆಗಲ್ಲ. ಫೋನ್ ಸಿಗ್ನಲ್ ಸಿಗೋ ದಿಣ್ಣೆಯಲ್ಲಿ ಒಬ್ಬರನ್ನ ಸೆಟ್ ಕೊಟ್ಟು ನಿಲ್ಲಿಸಿ. ಊರಿನ ಸುದ್ದಿ ಸೆಟ್‌ನಲ್ಲಿ ಅವರಿಗೆ, ಅವರಿಂದ ಫೋನ್‌ನಲ್ಲಿ 112ಕ್ಕೋ ಜಿಲ್ಲಾ ಕಂಟ್ರೋಲ್ ರೂಂನ 1077ಕ್ಕೋ. ಆ ದಿಣ್ಣೆ ಯಾವುದು, ಯಾರು ಹೋಗಬೇಕು ಅನ್ನೋದನ್ನ ಮಳೆ ಶುರುವಾಗೋ ಮುಂಚೆಯೇ ತೀರ್ಮಾನ ಮಾಡಿ.

ಮಾರೋ ಅಂಗಡಿಯವರಿಗೆ

ಮೊಬೈಲ್ ಅಂಗಡಿಯಲ್ಲಿ ಕವರ್, ಚಾರ್ಜರ್ ಜತೆ ವಾಕಿಟಾಕಿನೂ ತೂಗು ಹಾಕೋದು ಸುಲಭ. ಆದ್ರೆ ಲೈಸೆನ್ಸ್ ಬೇಕಾದ ಸೆಟ್ ದಾಸ್ತಾನು ಇಟ್ಟು ಮಾರೋಕೆ ಡೀಲರ್‌ಗೂ ಪ್ರತ್ಯೇಕ ಲೈಸೆನ್ಸ್ ಬೇಕು. 446 ಸೆಟ್ ಆದ್ರೆ ಇಟಿಎ ಪ್ರತಿ, ಖರೀದಿ ಬಿಲ್ ಎರಡನ್ನೂ ಫೈಲ್‌ನಲ್ಲಿ ಇಟ್ಟಿರಿ. ಗಿರಾಕಿಗೂ ಬಿಲ್‌ನಲ್ಲಿ ಮಾಡೆಲ್ ನಂಬರ್, ಫ್ರೀಕ್ವೆನ್ಸಿ ಬರೆದುಕೊಡಿ. ಬಿಲ್ ಇಲ್ಲದೆ ಬರೋ ಮಾಲು ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ಒಳಗೆ ಇಳಿಸಬೇಡಿ.