ಸಕ್ಕರಿ ಆರತಿ ಅಚ್ಚು ಮತ್ತ ಜಂಗು ಹಿಡದ ಕಾರು

ಗೌರಿ ಹುಣ್ಣಿವಿ ಸನೇಕ ಬಂತಂದ್ರ ನಮ್ಮ ದೊಡ್ಡ ವೈನಿ ಫೋನು ಬರೂದು ನಕ್ಕಿ. "ಸಕ್ಕರಿ ಆರತಿ ಅಚ್ಚು ಯಾರ ಹತ್ರ ಅವ?" ಇದೊಂದ ಪ್ರಶ್ನೆ, ಹದಿನೈದು ವರ್ಷದಿಂದ. ನಮ್ಮ ಅತ್ತಿಯವರ ಅತ್ತಿ ಕಾಲದ ಕಟಿಗಿ ಅಚ್ಚು ಅವು. ಬಸವಣ್ಣ, ಆನಿ, ನವಲು, ತೇರು. ಮನಿ ಪಾಲಾದಾಗ ತಾಮ್ರ, ಹಿತ್ತಾಳಿ ತೂಕಾ ಮಾಡಿ ಹಂಚಿಕೊಂಡ್ವಿ. ಅಚ್ಚಿನ ಗಂಟು ಮಾತ್ರ ಯಾರೂ ಕೇಳಲಿಲ್ಲ. ಅಟ್ಟದ ಮ್ಯಾಲಿನ ಹಳೇ ಕಟಿಗಿ ಜೋಡಿ ನೀರೊಲಿಗೆ ಹೋತೋ ಏನೋ. ಆಗಿನಿಂದ ನಮ್ಮನ್ಯಾಗ ಪ್ಯಾಟಿ ಸಕ್ಕರಿ ಆರತಿನ.

ಈ ಸಲ ಆ ಅಚ್ಚಿನ ನೆನಪು ಬಂದದ್ದು ಇಂಗ್ಲಂಡಿನಾಗ, ಒಂದು ಜಂಗು ಹಿಡದ ಕಾರಿನ ಮುಂದ ನಿಂತಾಗ. ನಗಬ್ಯಾಡ್ರಿ, ಪೂರಾ ಓದ್ರಿ.

ಮಗಳ ಬಾಣಂತನಕ್ಕಂತ ಹೋಗಿದ್ದೆ ಅಂತ ನಿಮಗ ಗೊತ್ತದ. ಅವರ ಮನಿ ಆಕ್ಸ್‌ಫರ್ಡ್ ಹತ್ರದ ಆಬಿಂಗ್ಡನ್ ಅನ್ನೋ ಊರಾಗ. ಬಾಜೂ ಮನಿ ಅಜ್ಜಾರು ಒಬ್ಬರ ಇರ್ತಾರ. ಹೆಂಡ್ತಿ ತೀರಿಕೊಂಡು ನಾಕು ವರ್ಷ ಆಗಿತ್ತಂತ. ಅವರ ಗ್ಯಾರೇಜಿನಾಗ ಒಂದು ಸಣ್ಣ ಕಾರು, ಎರಡ ಸೀಟು, ಮ್ಯಾಲೆ ಮಡಚೋ ಕ್ಯಾನ್ವಾಸು. 'ಎಂಜಿಬಿ' ಅಂತ ಹೆಸರು. ಆ ಹೆಂಡ್ತಿ ಮದವಿಗಿಂತ ಮೊದಲ, 1973ರಾಗ, ತನ್ನ ಪಗಾರದಿಂದ ತಗೊಂಡಿದ್ದು. ಇಪ್ಪತ್ತು ವರ್ಷದಿಂದ ನಿಂತಲ್ಲೇ ನಿಂತಿತ್ತು. ತಳಾ ಮುಟ್ಟಿದ್ರ ಹಪ್ಪಳದ ಹಂಗ ಪುಡಿ ಉದರ್ತಿತ್ತು. ಅಜ್ಜಾರು ಅದನ್ನ ಮತ್ತ ಓಡಸ್ತೀನಿ ಅಂತ ಹಟಾ ಹಿಡಿದಿದ್ರು. ಅಳಿಯಂದ್ರು ಶನಿವಾರಕ್ಕೊಮ್ಮೆ ಸಹಾಯಕ್ಕ ಹೋಗೋರು. ಕೂಸು ಮಲಗಿದ ಹೊತ್ತಿನಾಗ ನಾನೂ ಚಹಾ ತಗೊಂಡು ಹೋಗಿ ನಿಂದ್ರತಿದ್ದೆ. ಅಜ್ಜಾರು ಹೇಳಿದ್ದು, ಅಳಿಯಂದ್ರು ತಿಳಿಸಿ ಹೇಳಿದ್ದು, ಆಮ್ಯಾಲೆ ನಾನ ಓದಿಕೊಂಡಿದ್ದು, ಎಲ್ಲಾ ಕೂಡಿಸಿ ಬರೀಲಿಕತ್ತೇನಿ.

ಈ ಕಾರು ಹುಟ್ಟಿದ್ದು ಅದ ಊರಾಗ. ಎಂಜಿ ಕಂಪನಿ ಕಾರಖಾನೆ 1929ರಿಂದ 1980ರ ತನಕ ಆಬಿಂಗ್ಡನ್ನಿನಾಗಿತ್ತು. ಎಂಜಿಬಿ ಬಂದದ್ದು 1962ರಾಗ. ಹದಿನೆಂಟು ವರ್ಷದಾಗ 5 ಲಕ್ಷಕ್ಕೂ ಹೆಚ್ಚು ಕಾರು ಮಾಡಿದ್ರು, ಅದರಾಗ ಹೆಚ್ಚಿನವು ಅಮೇರಿಕಾಕ್ಕ ಹೋದ್ವು. 1980ರಾಗ ಕಾರಖಾನೆನ ಮುಚ್ಚಿ ಬಿಟ್ರು.

ಇದಕ್ಕಿಂತ ಮೊದಲಿನ ಎಂಜಿಎ ಅನ್ನೋ ಕಾರು ನಮ್ಮ ಚಕ್ಕಡಿ ಇದ್ದಂಗ. ಕೆಳಗ ಗಟ್ಟಿ ಚೌಕಟ್ಟು, ಅದಕ್ಕ ಚಾಸಿ ಅಂತಾರ. ಅದರ ಮ್ಯಾಲೆ ಬಾಡಿ ಕೂಡಿಸೂದು. ಬಾಡಿ ಹಾಳಾದ್ರ ಎತ್ತಿ ಇಟ್ಟು ಬ್ಯಾರೆ ಕೂಡಸಬಹುದು. ಎಂಜಿಬಿ ಹಂಗಲ್ಲ. ಅದಕ್ಕ ಬ್ಯಾರೆ ಚಾಸಿನ ಇಲ್ಲ. ತೆಳು ತಗಡನ್ನ ಮಡಚಿ, ಬಾಗಿಸಿ, ಒಂದಕ್ಕೊಂದು ಬೆಸದು ಮಾಡಿದ ಬಾಡಿನ ಎಲ್ಲಾ ಭಾರ ಹೊರ್ತದ. 15 ಕಿಲೋ ಎಣ್ಣಿ ಡಬ್ಬಿ ನೆನಸ್ಕೊಳ್ರಿ. ತಗಡು ತೆಳು, ಒಳಗ ಚೌಕಟ್ಟು ಏನೂ ಇಲ್ಲ, ಆದ್ರೂ 15 ಕಿಲೋ ತಡೀತದ. ಆದ್ರ ಅದರ ಅಂಚಿಗೆ ಜಂಗು ಹಿಡೀತಂದ್ರ ಕತಿ ಮುಗೀತು. ಕಾರಿನಾಗ ಅಂಥ ಡಬ್ಬಿಗೆ ಬಾಡಿ ಶೆಲ್ ಅಂತಾರ.

ಇಂಥ ತಗಡು ಒತ್ತೋ ವಿದ್ಯಾ ಇಂಗ್ಲಂಡಿಗೆ ಬಂದದ್ದು ಅಮೇರಿಕಾದಿಂದ. 1926ರಾಗ ವಿಲಿಯಂ ಮಾರಿಸ್ ಅನ್ನೋ ಕಾರು ಸಾಹುಕಾರರು ಅಮೇರಿಕಾದ ಬಡ್ ಕಂಪನಿ ಜೋಡಿ ಕೂಡಿ, ಆಕ್ಸ್‌ಫರ್ಡ್ ಬಾಜೂದ ಕೌಲಿ ಒಳಗ 'ಪ್ರೆಸ್ಡ್ ಸ್ಟೀಲ್' ಅನ್ನೋ ಕಂಪನಿ ತೆಗೆದ್ರು. ಅಲ್ಲಿಂದ ಮುಂದ ಬಡಗೇರು, ಕಮ್ಮಾರರು ಕೈಯಿಂದ ಒಂದೊಂದ ಬಾಡಿ ಮಾಡೋ ಕಾಲ ಹಿಂದ ಬೀಳ್ತಾ ಹೋತು. ಒಂದು ಅಚ್ಚು ಕೆಳಗ, ಒಂದು ಮ್ಯಾಲೆ, ನಡು ತಗಡು, ಮ್ಯಾಲಿಂದ ದೊಡ್ಡ ಮಶಿನ್ ಒತ್ತಿದ್ರ ಬಾಗಿಲಾ ತಯಾರು. ನಮ್ಮ ಸಕ್ಕರಿ ಆರತಿ ಅಚ್ಚಿನ್ಹಂಗ ಎರಡ ಭಾಗ. ಫರಕು ಅಂದ್ರ ಇವು ಉಕ್ಕಿನವು, ಟನ್ನುಗಟ್ಟಲೆ ತೂಕದವು. ಅಚ್ಚು ಮಾಡಸ್ಲಿಕ್ಕೆ ಭಾಳ ಖರ್ಚು, ಆಮ್ಯಾಲೆ ಒತ್ತಲಿಕ್ಕೆ ಸೋವಿ.

ಇಲ್ಲೆ ನಮ್ಮ ಸಂಬಂಧನೂ ಒಂದದ. ನಾವೆಲ್ಲಾ ಮದವಿಗೆ, ದವಾಖಾನಿಗೆ ಅಂತ ಓಡಾಡಿದ ಅಂಬಾಸಡರ್ ಕಾರಿಗೆ ಈ ಮಾರಿಸ್ ಮನಿತನಾನ ತವರು. ಅಲ್ಲೆ ಅದರ ಹೆಸರು ಮಾರಿಸ್ ಆಕ್ಸ್‌ಫರ್ಡ್. ಅದರ ಅಚ್ಚು, ಸಾಮಾನು 1950ರ ದಶಕದಾಗ ಬಂಗಾಳದ ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್‌ಗೆ ಬಂದ್ವು. ತವರಾಗ ಆ ಮಾದರಿ 1959ಕ್ಕನ ನಿಂತ್ರೂ ನಮ್ಮಲ್ಲೆ 2014ರ ತನಕ ಕಾರು ಬಂದ್ವು. ಇಂಜಿನ್ನೂ ಅಷ್ಟ. ನಮ್ಮ ಹಳೇ ಅಂಬಾಸಡರಿನ 1489 ಸಿಸಿ ಇಂಜಿನ್, ಈ ಎಂಜಿಬಿಯ 1798 ಸಿಸಿ ಇಂಜಿನ್, ಎರಡೂ ಒಂದ ವಂಶದವು. ಹೇಳಬೇಕಂದ್ರ ತಂಗಿ, ಅಕ್ಕ. ಅಜ್ಜಾರು ಗೂಡಿನ ಮ್ಯಾಲೆ ಎತ್ತಿಟ್ಟ ಇಂಜಿನ್ ತೋರಿಸಿದಾಗ, ನಮ್ಮ ಮಾವನವರು ಅಂಬಾಸಡರ್ ಬಾನೆಟ್ ಎತ್ತಿ ನಿಲ್ತಿದ್ದದ್ದು ಕಣ್ಣಿಗೆ ಕಟ್ಟಿಧಂಗಾತು.

ಈಗ ಜಂಗಿನ ಕತಿ. ಇಂಗ್ಲಂಡಿನಾಗ ಥಂಡಿ ದಿನದಾಗ ರಸ್ತೆಕ್ಕ ಉಪ್ಪು ಉಗ್ಗತಾರ, ಹಿಮ ಗಟ್ಟಿಯಾಗಬಾರದು ಅಂತ. ಉಪ್ಪಿನಕಾಯಿ ಭರಣಿ ಮ್ಯಾಲೆ ಕಬ್ಬಿಣದ ಮುಚ್ಚಳಾ ಇಟ್ರ ಏನಾಗ್ತದ ಅಂತ ನಮಗ ಯಾರೂ ಹೇಳಿ ಕೊಡಬೇಕಿಲ್ಲ. ಎಂಜಿಬಿ ಬಾಗಿಲ ಕೆಳಗ 'ಸಿಲ್' ಅಂತ ಒಂದು ಭಾಗ ಅದ, ಅಂದ್ರ ಕಾರಿನ ಹೊಸ್ತಿಲಾ. ಹೊರಗಿಂದ ನೋಡಿದ್ರ ಅಂದಕ್ಕ ಇಟ್ಟ ಪಟ್ಟಿ ಅನಸ್ತದ. ಆದ್ರ ಮ್ಯಾಲೆ ಛಾವಣಿ ಇಲ್ಲದ ಈ ಕಾರನ್ನ ನಡು ಮುರೀದಂಗ ಹಿಡಿಯೂದು ಆ ಹೊಸ್ತಿಲಾನ. ಒಳಗ ಪೊಳ್ಳು, ಪದರಾ ಪದರಾ ತಗಡು. ಒಳಗ ನೀರು, ರಾಡಿ ಸೇರಿತು ಅಂದ್ರ ಒಣಗೂದಿಲ್ಲ. ಆಗಿನ ಕಾಲದ ಬಣ್ಣ ಆ ಸಂದಿ ತನಕ ಹೋಗ್ತಿರಲಿಲ್ಲ. ಹೊರಗ ಮಿಂಚ್ತಿರ್ತದ, ಒಳಗ ಕರಗತಿರ್ತದ.

ಅಜ್ಜಾರು ಒಂದು ಪರೀಕ್ಷಾ ತೋರಿಸಿದ್ರು. ಕಾರನ್ನ ಜಾಕ್ ಹಚ್ಚಿ ಎತ್ತಿದ್ರು, ಆಮ್ಯಾಲೆ ಬಾಗಿಲಾ ತಗೀರಿ ಅಂದ್ರು. ಕಿಸದ ಕಿಸದ, ಬರಲೇ ಇಲ್ಲ. ಹೊಸ್ತಿಲಾ ಸತ್ತದ, ನಡು ಜೋತು ಬಿದ್ದು ಬಾಗಿಲ ಸಂದಿ ಮುಚ್ಚಿಕೊಂಡದ ಅಂತ ಅದರ ಅರ್ಥ. ಹಳೇ ಮನಿ ಗ್ವಾಡಿ ಕುಸದಾಗ ಬಾಗಿಲಾ ಬಿಗೀತದಲ್ಲ, ಹಂಗ.

ಆ ದೇಶದಾಗ 1960ರಿಂದ ಹಳೇ ಗಾಡಿಗೆ ಎಂಒಟಿ ಅನ್ನೋ ತಪಾಸಣಿ ಶುರು ಆತು. ಭಾರ ಹೊರೋ ತಗಡಿಗೆ ಜಂಗು ಹಿಡದ್ರ ಗಾಡಿ ನಪಾಸು. ಅದಕ್ಕ ಮಂದಿ ತ್ಯಾಪಿ ಹಚ್ಚಿ ಬೆಸದು ನೋಡಿದ್ರು, ತ್ಯಾಪಿ ಮ್ಯಾಲೆ ತ್ಯಾಪಿ, ನಮ್ಮ ಕೌದಿ ಹಂಗ. ಕೌದಿಗೆ ತ್ಯಾಪಿ ಹಚ್ಚಿದಷ್ಟೂ ಅದು ಗಟ್ಟಿ ಆಗ್ತದ. ಕಾರಿಗೆ ಹಂಗಾಗೂದಿಲ್ಲ. ಹೊಸಾ ತಗಡು ಬೆಸೀಲಿಕ್ಕೆ ಬಾಜೂಕ ಗಟ್ಟಿ ತಗಡು ಇರಬೇಕಲ್ಲ. ಹಂಗಾಗಿ ಇಂಜಿನ್ ಛಲೋ ಇದ್ದ ಎಷ್ಟೋ ಕಾರು ಗುಜರಿಗೆ ಹೋದ್ವು.

ಇಲ್ಲೆ ಅಚ್ಚಿನ ಮಾತು ಬರ್ತದ. ಬ್ರಿಟಿಶ್ ಮೋಟರ್ ಹೆರಿಟೇಜ್ ಅನ್ನೋ ಸಂಸ್ಥಾದವರು ಎಂಜಿಬಿಯ ಹಳೇ ಅಚ್ಚು ಹುಡಕಲಿಕ್ಕೆ ಹೊಂಟ್ರು. ಕಾರಖಾನೆ ಮುಚ್ಚಿದ ಮ್ಯಾಲೆ ಅಚ್ಚು ಒಂದ ಕಡೆ ಇರಲಿಲ್ಲ. ಸಿಕ್ಕದ್ದನ್ನ ಕೂಡಿಸಿದ್ರು, ರಿಪೇರಿ ಮಾಡಿದ್ರು, ಇಲ್ಲದ್ದಕ್ಕ ಬ್ಯಾರೆ ವ್ಯವಸ್ಥಾ ಮಾಡಿಕೊಂಡ್ರು. 1988ರಾಗ, ಆಬಿಂಗ್ಡನ್ ಹತ್ರದ ಫೇರಿಂಗ್ಡನ್ ಊರಾಗ, ಎಂಜಿಬಿಯ ಪೂರ್ತಿ ಹೊಸಾ ಬಾಡಿ ಶೆಲ್ ಹೊರಗ ಬಂತು. ಕಾರು ನಿಂತು ಎಂಟ ವರ್ಷ ಆದ ಮ್ಯಾಲೆ! ಆಮ್ಯಾಲೆ ಅವರು ವಿಟ್ನಿ ಅನ್ನೋ ಊರಿಗೆ ಹೋದ್ರು. ಎಂಜಿ ಮಿಜೆಟ್, ಮಿನಿ ಕಾರುಗಳ ಶೆಲ್ಲೂ ಮಾಡಿದ್ರು. ಹಳೇ ಕಾರಿಗಂತ ಹುಡುಕಿದ ಅಚ್ಚಿನಿಂದ ಹೊಸಾ ಕಾರೂ ಹುಟ್ಟಿತು ನೋಡ್ರಿ. ಇದ ಶೆಲ್ಲನ್ನ ತಿದ್ದಿ, ದೊಡ್ಡ ಇಂಜಿನ್ ಇಟ್ಟು, 1992ರಾಗ ಎಂಜಿ ಆರ್‌ವಿ8 ಅಂತ ತಂದ್ರು. ಸುಮಾರು 2 ಸಾವಿರ ಮಾಡಿದ್ರು, ಹೆಚ್ಚಿನವು ಜಪಾನಿಗೆ ಹೋದ್ವು.

ಅಜ್ಜಾರು ಅಂಥ ಒಂದು ಶೆಲ್ ತರಿಸಿದ್ರು. ಪ್ರೈಮರ್ ಬಳದು, ಒಂದೂ ಸ್ಕ್ರೂ ಇಲ್ಲದ ಬರೀ ಮೈ. ಅದಕ್ಕ ಮೊದಲ ಅದ ಕಡು ಹಸಿರು ಬಣ್ಣ ಹೊಡಿಸಿದ್ರು. ಹೊಸ್ತಿಲದ ಪೊಳ್ಳಿನೊಳಗ, ತೂತಿನಿಂದ ನಳಿಗಿ ತೂರಿಸಿ ಮೇಣಾ ಸಿಂಪಡಿಸಿದ್ರು, ಮತ್ತ ಜಂಗು ಹತ್ತಬಾರದು ಅಂತ. ಆಮ್ಯಾಲೆ ಬ್ರೇಕಿನ ನಳಿಗಿ, ವಾಯರು. ನಂತರ ಹಿಂದಿನ ಅಚ್ಚುಗೋಲು, ಮುಂದಿನ ಚಕ್ರದ ಜೋಡಣಿ. ಇಂಜಿನ್ನು, ಗೇರ್ ಬಾಕ್ಸು ಕೂಡೇ ಸರಪಳಿಯಿಂದ ಎತ್ತಿ ಮ್ಯಾಲಿಂದ ಇಳಿಸಿದ್ರು. ಕೊನಿಗೆ ಕಾಜು, ಸೀಟು, ಕ್ಯಾನ್ವಾಸು. ಸ್ಕ್ರೂ ಎಲ್ಲಾ ಜಾಮಿನ ಬಾಟ್ಲಿಯೊಳಗ, ಪ್ರತಿಯೊಂದಕ್ಕೂ ಚೀಟಿ. ಹಳೇ ಮುರಕು ಸಾಮಾನು ಸುದ್ದಾ ಒಗದಿರಲಿಲ್ಲ. "ಹೊಸಾದು ಕೂಡೂತನಕ ಹಳೇದು ಒಗೀಬಾರದು, ಯಾವುದು ಹ್ಯಾಂಗ ಕೂಡ್ತಿತ್ತು ಅಂತ ಅದ ಹೇಳ್ತದ" ಅಂದ್ರು. ಇದು ನಮ್ಮ ಅಡಗಿ ಮನಿಗೂ ಲಾಗೂ.

ಒಂದ ದಿನ ನಮ್ಮ ಮಗಳು ಬಾಯಿ ತಡೀಲಾರದ ಕೇಳೇ ಬಿಟ್ಲು, "ಇಷ್ಟೆಲ್ಲಾ ಬದಲ ಮಾಡಿದ ಮ್ಯಾಲೆ ಇದು ಅವರ ಕಾರ ಹ್ಯಾಂಗಾಗ್ತದ?" ಅಂತ. ನನಗ ಜೀವಾ ಝಲ್ಲಂತು. ಅಜ್ಜಾರು ಸಿಟ್ಟಾಗಲಿಲ್ಲ. ಕಪಾಟಿನಿಂದ ಎರಡು ಕಾಗದ ತಂದ್ರು.

ಒಂದು ಸರಕಾರದ ಲೆಕ್ಕ. ಅಲ್ಲೆ ಭಾಳ ಬದಲಾದ ಗಾಡಿಗೆ ಅಂಕ ಕೊಡೋ ಪದ್ಧತಿ ಇಟ್ಟಿದ್ರು. ಚಾಸಿ ಇಲ್ಲಾ ಇಂಥ ಶೆಲ್ಲಿಗೆ 5. ಸಸ್ಪೆನ್ಶನ್, ಆ್ಯಕ್ಸಲ್, ಗೇರ್ ಬಾಕ್ಸಿನ ಜೋಡಣಿ, ಸ್ಟೀರಿಂಗು ಒಂದೊಂದಕ್ಕ 2. ಇಂಜಿನ್ನಿಗೆ ಬರೇ 1! ಒಟ್ಟು 14ರಾಗ 8 ಬಂದ್ರ ಹಳೇ ನಂಬರು ಉಳೀತಿತ್ತು. ಶೆಲ್ಲು ಮೂಲದ್ದಿರಬೇಕಿತ್ತು, ಇಲ್ಲಾಂದ್ರ ಅದ ಮಾದರಿ ಹೊಸಾದಿರಬೇಕಿತ್ತು, ಹೊಸಾದಕ್ಕ ಅಂಗಡಿ ಪಾವತಿ ಬೇಕ ಬೇಕಿತ್ತು. ಬ್ಯಾರೆ ಕಾರಿಂದ ಕಿತ್ತು ತಂದ ಶೆಲ್ ಆದ್ರ ನಡೀತಿರಲಿಲ್ಲ. ಅಂದ್ರ ಅಚ್ಚು ಅದ ಇದ್ರ ಮೈ ಹೊಸಾದಾದ್ರೂ ಹೆಸರು ಉಳೀತದ ಅಂತ ಕಾಯ್ದೆನ ಒಪ್ಪಿದಂಗಾತು.

ಇನ್ನೊಂದು ಆ ಕಾರಿನ ಜಾತಕ. ಗೇಡನ್ ಅನ್ನೋ ಊರಿನ ಮೋಟರ್ ಮ್ಯೂಸಿಯಮ್ಮಿನಾಗ ಕಾರಖಾನೆಯ ಹಳೇ ದಫ್ತರು ಜೋಪಾನ ಇಟ್ಟಾರ. ಕಾರಿನ ನಂಬರು ಕಳಿಸಿದ್ರ ಅದು ಯಾವ ತಾರೀಖಿಗೆ ತಯಾರಾತು, ಯಾವ ಬಣ್ಣ, ಯಾವ ಇಂಜಿನ್ ನಂಬರು ಅಂತ ಬರದು ಸರ್ಟಿಫಿಕೇಟ್ ಕೊಡ್ತಾರ. ಬಣ್ಣದ ಹೆಸರಿನ ಮ್ಯಾಲೆ ಅಜ್ಜಾರು ಬಟ್ಟು ಇಟ್ಟು, "ಇದು ಆಕಿ ಆರಿಸಿದ ಬಣ್ಣ" ಅಂದ್ರು. ಅಷ್ಟ ಅಂದು ಚಹಾ ಕುಡೀಲಿಕ್ಕೆ ಕೂತ್ರು.

ನಾನು ರಾತ್ರಿಯೆಲ್ಲಾ ವಿಚಾರ ಮಾಡಿದೆ. ಸಕ್ಕರಿ ಆರತಿ ಒಂದ ದಿನದ್ದು. ಆರತಿ ಮಾಡಿ, ಹಂಚಿ, ಹುಡುಗ್ರು ಕಟಕಟ ತಿಂದು ಮುಗಸ್ತಾವ. ಆದ್ರ ಮುಂದಿನ ವರ್ಷ ಅದ ಬಸವಣ್ಣ ಮತ್ತ ಬರ್ತಾನ. ನಾವು ವಸ್ತು ಕಾಯ್ತೀವಿ, ಬೆಳ್ಳಿ ಕಾಯ್ತೀವಿ. ಅಚ್ಚು ಒಲಿಗೆ ಹಾಕ್ತೀವಿ. ಅಲ್ಲೆ ಯಾರೋ ಅಚ್ಚು ಹುಡುಕಿ ಕೂಡಿಸಿದ್ದಕ್ಕ ಒಬ್ಬ ಮುದುಕನ ಮನಿಯೊಳಗ ಹೆಂಡ್ತಿ ಆರಿಸಿದ ಹಸಿರು ಕಾರು ಮತ್ತ ನಿಂತದ. ನಾ ಹೊರಡೋ ಹಿಂದಿನ ವಾರ ಅದು ಎಂಒಟಿ ಪಾಸಾತು. ನನ್ನನ್ನೂ ಕೂಡಿಸಿಕೊಂಡು ನದಿ ಸೇತುವಿ ತನಕ ಹೋಗಿ ಬಂದ್ರು. ಸೆರಗು ಗಾಳಿಗೆ ಹಾರಿ ಹಾರಿ ಸಾಕಾತು. ಇಂಜಿನ್ ಸಪ್ಪಳಾ ಮಾತ್ರ ನಮ್ಮ ಅಂಬಾಸಡರಿನ ಬಳಗದ್ದ.

ಊರಿಗೆ ಬಂದ ಕೂಡಲೇ ದೊಡ್ಡ ವೈನಿಗೆ ನಾನ ಫೋನ್ ಮಾಡಿದೆ. ಅವರ ತವರಿನಾಗ ಒಂದು ನವಲಿನ ಅಚ್ಚು ಅದಂತ, ಅರ್ಧ ಭಾಗ ಮಾತ್ರ. ನಮ್ಮ ಓಣಿ ಕಾಕು ಹತ್ರ ತೇರು ಅದ. ಎರಡನ್ನೂ ಬಡಗೇರಿಗೆ ತೋರಿಸೇನಿ, "ಇದ್ದ ಅರ್ಧ ನೋಡಿ ಇಲ್ಲದ ಅರ್ಧ ಕೆತ್ತಿ ಕೊಡ್ತೀನ್ರಿ, ಅಕ್ಕಾರ" ಅಂದಾರ. ನಿಮ್ಮ ನಿಮ್ಮ ಅಟ್ಟದ ಮ್ಯಾಲೆ ಒಮ್ಮೆ ಏರಿ ನೋಡ್ರಿ. ಬಸವಣ್ಣ ಯಾರ ಹತ್ರರೆ ಇದ್ರ, ಒಡದಿದ್ರೂ ಅಡ್ಡಿಯಿಲ್ಲ, ಎಂಟ ದಿನದ ಮಟ್ಟಿಗೆ ಕೊಡ್ರಿ. ಹುಣ್ಣಿವಿಯೊಳಗ ನಿಮ್ಮ ಅಚ್ಚು ನಿಮಗ ತಿರುಗಿ ಮುಟ್ಟಸೂದು ನನ್ನ ಜವಾಬ್ದಾರಿ, ಜೋಡಿ ಒಂದು ತಾಟು ಸಕ್ಕರಿ ಆರತಿನೂ.