ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ವಲಯಗಳಲ್ಲಿ ಶಾಲಾ ಅನುದಾನ ಮತ್ತು ಮುಖ್ಯ ಶಿಕ್ಷಕರ ವೇತನ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಕರ್ನಾಟಕದ ಉಡುಪಿ ಜಿಲ್ಲೆಯ ತಾಲ್ಲೂಕುಗಳು ಹಾಗೂ ಶೈಕ್ಷಣಿಕ ವಲಯಗಳಾಗಿವೆ. ಇಲ್ಲಿ ಸರ್ಕಾರಿ ಶಾಲೆಗಳು, ಖಾಸಗಿ ಆಡಳಿತ ಮಂಡಳಿಗಳು ನಡೆಸುವ ಅನುದಾನಿತ ಶಾಲೆಗಳು ಮತ್ತು ಅನುದಾನರಹಿತ ಶಾಲೆಗಳು ಎಂಬ ಮೂರು ಬಗೆಯ ಶಾಲೆಗಳಿವೆ. ಶಾಲೆಯನ್ನು ನಡೆಸುವವರ ವೇತನವನ್ನು ಯಾರು ಭರಿಸಬೇಕು, ಕಟ್ಟಡ ಮತ್ತು ದಿನನಿತ್ಯದ ವೆಚ್ಚಕ್ಕೆ ಹಣ ಎಲ್ಲಿಂದ ಬರಬೇಕು ಎಂಬ ಚರ್ಚೆ ಈ ಪ್ರದೇಶದಲ್ಲಿ ಮದರಾಸು ಪ್ರಾಂತ್ಯದ ಕಾಲದಿಂದಲೂ ನಡೆದುಬಂದಿದೆ. ಅನುದಾನಿತ ಶಾಲೆಗಳಲ್ಲಿ ವೇತನದ ಹೊಣೆಯನ್ನು ಸರ್ಕಾರ ವಹಿಸಿಕೊಂಡಿದ್ದು, ಉಳಿದ ವೆಚ್ಚವು ಬಹುಮಟ್ಟಿಗೆ ಊರಿನ ಮೇಲೆಯೇ ಉಳಿದಿದೆ. ಖಾಲಿ ಹುದ್ದೆಗಳು ಭರ್ತಿಯಾಗದೆ ಇರುವಲ್ಲಿ ವೇತನದ ಒಂದು ಪಾಲೂ ಮತ್ತೆ ಊರಿಗೆ ಮರಳುತ್ತಿರುವುದು ಇಂದಿನ ಚರ್ಚೆಯ ಮುಖ್ಯ ವಿಷಯವಾಗಿದೆ.

ಹಿನ್ನೆಲೆ

ಆಧುನಿಕ ಶಾಲೆಗಳಿಗೆ ಮೊದಲು ಕರಾವಳಿಯಲ್ಲಿ ಐಗಳ ಮಠಗಳು ಇದ್ದವು. ಐಗಳ ಜೀವನ ನಿರ್ವಹಣೆ ಊರಿನ ಮನೆಗಳು ಕೊಡುವ ಧಾನ್ಯ ಮತ್ತು ಕಾಣಿಕೆಯನ್ನು ಅವಲಂಬಿಸಿತ್ತು. 1854ರ ವುಡ್ಸ್ ವರದಿಯು ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನ ಕೊಡುವ ತತ್ತ್ವವನ್ನು ಭಾರತದಲ್ಲಿ ಪ್ರಚಲಿತಗೊಳಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದಾಗ ಕುಂದಾಪುರ ತಾಲ್ಲೂಕು ಮದರಾಸು ಪ್ರಾಂತ್ಯದಲ್ಲಿಯೇ ಉಳಿಯಿತು. ಇದರಿಂದಾಗಿ ಶಿರೂರಿನಿಂದ ದಕ್ಷಿಣಕ್ಕೆ ಮದರಾಸಿನ ಸಹಾಯಧನ ನಿಯಮಗಳೂ ಅದರಿಂದ ಉತ್ತರಕ್ಕೆ ಮುಂಬಯಿಯ ನಿಯಮಗಳೂ ಜಾರಿಯಲ್ಲಿದ್ದವು.

ಮದರಾಸು ಪ್ರಾಂತ್ಯದಲ್ಲಿ 19ನೇ ಶತಮಾನದ ಉತ್ತರಾರ್ಧದಲ್ಲಿ ಮಕ್ಕಳ ಪರೀಕ್ಷಾ ಫಲಿತಾಂಶವನ್ನು ಆಧರಿಸಿ ಸಹಾಯಧನ ಕೊಡುವ ಪದ್ಧತಿ ರೂಢಿಯಲ್ಲಿತ್ತು. 1920ರ ಮದರಾಸು ಪ್ರಾಥಮಿಕ ಶಿಕ್ಷಣ ಕಾಯ್ದೆಯು ಜಿಲ್ಲಾ ಶಿಕ್ಷಣ ಮಂಡಳಿಗಳನ್ನು ಸ್ಥಾಪಿಸಿ, ಸ್ಥಳೀಯ ಸಂಸ್ಥೆಗಳು ಶಿಕ್ಷಣ ತೆರಿಗೆ ವಿಧಿಸುವುದಕ್ಕೆ ಅವಕಾಶ ಮಾಡಿಕೊಟ್ಟಿತು. ಈ ಅವಧಿಯಲ್ಲಿ ಜಿಲ್ಲಾ ಬೋರ್ಡು ನಡೆಸುವ ಶಾಲೆಗಳ ಜೊತೆಗೆ ಖಾಸಗಿ ಅನುದಾನಿತ ಪ್ರಾಥಮಿಕ ಶಾಲೆಗಳೂ ಬೆಳೆದವು. ಕುಂದಾಪುರದ ಬೋರ್ಡ್ ಹೈಸ್ಕೂಲ್ ಎಂಬ ಹೆಸರು ಆ ವ್ಯವಸ್ಥೆಯ ನೆನಪಾಗಿ ಇಂದಿಗೂ ಜನರ ಬಾಯಲ್ಲಿ ಉಳಿದಿದೆ. ಪ್ರಾಂತ್ಯದ ಅನೇಕ ಖಾಸಗಿ ಶಾಲೆಗಳಲ್ಲಿ ಶಾಲೆಯ ಸ್ಥಾಪಕರೇ ಸಂಚಾಲಕರೂ ಮುಖ್ಯೋಪಾಧ್ಯಾಯರೂ ಆಗಿರುತ್ತಿದ್ದರು. ಸಹಾಯಧನವು ಅವರ ಕೈಗೆ ಸಂದಾಯವಾಗುತ್ತಿದ್ದುದರಿಂದ ಉಳಿದ ಉಪಾಧ್ಯಾಯರ ಸಂಬಳವೂ ಅವರ ಮೂಲಕವೇ ಬರಬೇಕಾಗಿತ್ತು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1959ರ ಮೈಸೂರು ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯ ಬಳಿಕ ಜಿಲ್ಲಾ ಬೋರ್ಡುಗಳು ಇಲ್ಲವಾಗಿ, ಬೋರ್ಡು ಶಾಲೆಗಳು ಸರ್ಕಾರದ ಆಡಳಿತಕ್ಕೆ ಬಂದವು. ಖಾಸಗಿ ಶಾಲೆಗಳು ಅನುದಾನಿತ ಶಾಲೆಗಳಾಗಿ ಮುಂದುವರಿದವು. 1997ರ ಆಗಸ್ಟ್ 25ರಂದು ಉಡುಪಿ ಜಿಲ್ಲೆ ರಚನೆಯಾದಾಗ ಅದರಲ್ಲಿ ಉಡುಪಿ, ಕುಂದಾಪುರ ಮತ್ತು ಕಾರ್ಕಳ ಎಂಬ ಮೂರು ತಾಲ್ಲೂಕುಗಳಿದ್ದವು. ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾದುದು ಅನಂತರದಲ್ಲಿ.

ಅನುದಾನದ ಸ್ವರೂಪ

ರಾಜ್ಯದ ಶಾಲೆಗಳ ಮಾನ್ಯತೆ, ಆಡಳಿತ ಮತ್ತು ಅನುದಾನವನ್ನು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆ, 1983 ನಿಯಂತ್ರಿಸುತ್ತದೆ. ಅನುದಾನವೆಂದರೆ ಮುಖ್ಯವಾಗಿ ವೇತನಾನುದಾನ. ಮಂಜೂರಾದ ಹುದ್ದೆಯಲ್ಲಿ ಇಲಾಖೆಯ ಅನುಮೋದನೆಯೊಂದಿಗೆ ನೇಮಕಗೊಂಡ ಶಿಕ್ಷಕರ ಮತ್ತು ಸಿಬ್ಬಂದಿಯ ವೇತನವನ್ನು ಸರ್ಕಾರ ಭರಿಸುತ್ತದೆ. ಕಟ್ಟಡ, ದುರಸ್ತಿ, ಪೀಠೋಪಕರಣ ಮುಂತಾದ ವೆಚ್ಚ ಆಡಳಿತ ಮಂಡಳಿಗೆ ಸೇರಿದ್ದು. ಮಂಡಳಿಯ ಪರವಾಗಿ ಇಲಾಖೆಯೊಡನೆ ವ್ಯವಹರಿಸುವವರನ್ನು ಕರಾವಳಿಯಲ್ಲಿ ಸಂಚಾಲಕರು ಎಂದು ಕರೆಯುತ್ತಾರೆ.

ಶಾಲೆಯೊಂದು ಯಾವ ವರ್ಷ ಆರಂಭವಾಯಿತು ಎಂಬುದು ಅನುದಾನ ದೊರೆಯುವಲ್ಲಿ ನಿರ್ಣಾಯಕವಾಗಿದೆ. 1987ರಿಂದ 1995ರ ನಡುವೆ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಸರ್ಕಾರ ಹಂತಹಂತವಾಗಿ ಅನುದಾನದ ವ್ಯಾಪ್ತಿಗೆ ತಂದಿತು. 1995ರ ಅನಂತರ ಆರಂಭವಾದ ಕನ್ನಡ ಶಾಲೆಗಳಿಗೂ ಅನುದಾನ ವಿಸ್ತರಿಸಬೇಕೆಂಬುದು ಶಿಕ್ಷಕರ ಮತ್ತು ಆಡಳಿತ ಮಂಡಳಿಗಳ ಬಹುಕಾಲದ ಬೇಡಿಕೆಯಾಗಿದೆ.

ಅನುದಾನಿತ ಶಾಲೆಯಲ್ಲಿ ಶಿಕ್ಷಕರೊಬ್ಬರು ನಿವೃತ್ತರಾದರೆ ಆ ಹುದ್ದೆ ತಾನಾಗಿ ಭರ್ತಿಯಾಗುವುದಿಲ್ಲ. ಸರ್ಕಾರದ ಅನುಮತಿ ಬೇಕಾಗುತ್ತದೆ. 2015ರ ಅಂತ್ಯದವರೆಗೆ ತೆರವಾದ ಹುದ್ದೆಗಳ ಭರ್ತಿಗೆ ಅನುಮತಿ ದೊರೆತ ಮೇಲೂ ಅನಂತರ ತೆರವಾದವು ವರ್ಷಗಟ್ಟಲೆ ಖಾಲಿ ಉಳಿದವು. ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಗಳಲ್ಲಿ ಇರುವ ಶಿಕ್ಷಕರನ್ನೇ ಹೆಚ್ಚುವರಿ ಎಂದು ಗುರುತಿಸಿ ಬೇರೆಡೆಗೆ ಕಳುಹಿಸುವುದೂ ಉಂಟು.

ಪಿಂಚಣಿಯ ಪ್ರಶ್ನೆಯೂ ಇದರೊಡನೆ ಸೇರಿಕೊಂಡಿದೆ. ರಾಜ್ಯ ಸರ್ಕಾರವು 2006ರ ಏಪ್ರಿಲ್ 1ರಿಂದ ಹೊಸದಾಗಿ ಸೇವೆಗೆ ಸೇರುವವರಿಗೆ ನೂತನ ಪಿಂಚಣಿ ಯೋಜನೆಯನ್ನು ಜಾರಿಗೊಳಿಸಿತು. ಆ ದಿನಾಂಕದ ಬಳಿಕ ನೇಮಕಗೊಂಡ ಅನುದಾನಿತ ಶಾಲಾ ಸಿಬ್ಬಂದಿಯ ವಿಷಯದಲ್ಲಿ ಉದ್ಯೋಗದಾತರ ವಂತಿಗೆಯ ಹೊಣೆ ಆಡಳಿತ ಮಂಡಳಿಗಳ ಮೇಲೆ ಬಿದ್ದಿತು. ಶುಲ್ಕದ ಆದಾಯವಿಲ್ಲದ ಹಳ್ಳಿಯ ಮಂಡಳಿಗಳಿಗೆ ಇದು ಭರಿಸಲಾಗದ ಹೊರೆಯಾಗಿದ್ದು, ಹಳೆಯ ಪಿಂಚಣಿ ಪದ್ಧತಿಯನ್ನು ತಮಗೂ ಅನ್ವಯಿಸಬೇಕೆಂದು ಅನುದಾನಿತ ಶಾಲಾ ನೌಕರರು ಒತ್ತಾಯಿಸುತ್ತ ಬಂದಿದ್ದಾರೆ.

ಮುಖ್ಯ ಶಿಕ್ಷಕರ ಹುದ್ದೆ

ಶಾಲೆಯ ಆಡಳಿತಗಾರರ ವೇತನ ಅತಿಯಾಯಿತು ಎಂಬ ಬಗೆಯ ವಿವಾದ ಇಲ್ಲಿ ಸಾಮಾನ್ಯವಲ್ಲ. ಮುಖ್ಯ ಶಿಕ್ಷಕರ ವೇತನವನ್ನು ರಾಜ್ಯದ ವೇತನ ಶ್ರೇಣಿ ನಿಗದಿಪಡಿಸುತ್ತದೆ. ಊರಾಗಲಿ, ಪಂಚಾಯತಿಯಾಗಲಿ, ಸಂಚಾಲಕರಾಗಲಿ ಅದನ್ನು ಹೆಚ್ಚಿಸಲು ಅಥವಾ ತಗ್ಗಿಸಲು ಬರುವುದಿಲ್ಲ. ಚರ್ಚೆಯಿರುವುದು ಹುದ್ದೆಯೇ ಇಲ್ಲದೆ ಅದರ ಕೆಲಸ ಮಾಡುವವರ ಬಗ್ಗೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಗಳಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ, 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪ್ರತ್ಯೇಕ ಮುಖ್ಯ ಶಿಕ್ಷಕರು ಇರಬೇಕು. ಘಟ್ಟದ ತಪ್ಪಲಿನ ಮತ್ತು ಒಳನಾಡಿನ ಸಣ್ಣ ಶಾಲೆಗಳು ಈ ಮಿತಿಯನ್ನು ತಲುಪುವುದಿಲ್ಲ. ಅಲ್ಲಿ ಹಿರಿಯ ಸಹಶಿಕ್ಷಕರೇ ಪ್ರಭಾರ ಮುಖ್ಯ ಶಿಕ್ಷಕರಾಗಿ, ತರಗತಿಗಳನ್ನೂ ನಡೆಸುತ್ತ, ಆಡಳಿತವನ್ನೂ ನೋಡಿಕೊಳ್ಳುತ್ತಾರೆ. ಮಕ್ಕಳ ವಿವರಗಳನ್ನು ಇಲಾಖೆಯ ತಂತ್ರಾಂಶದಲ್ಲಿ ದಾಖಲಿಸುವುದು, ಬಿಸಿಯೂಟದ ಅಕ್ಕಿ ಮತ್ತು ಬೇಳೆಯ ಲೆಕ್ಕ, ಕ್ಷೀರಭಾಗ್ಯದ ಹಾಲಿನ ಪುಡಿಯ ದಾಸ್ತಾನು, ಪಠ್ಯಪುಸ್ತಕ ವಿತರಣೆ, ಶಾಲಾಭಿವೃದ್ಧಿ ಸಮಿತಿಯ ಸಭೆ ಮತ್ತು ಬ್ಯಾಂಕ್ ಖಾತೆ ಇವೆಲ್ಲ ಅವರ ಹೊಣೆ.

ಕೆಲವು ಸಂದರ್ಭಗಳಲ್ಲಿ ಈ ಹೊಣೆ ಕೈಯಿಂದ ಹಣ ಹಾಕುವ ಹಂತಕ್ಕೂ ಹೋಗಿದೆ. ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆಯಲ್ಲಿ ಒಂದು ಮೊಟ್ಟೆಯ ಖರೀದಿ, ಬೇಯಿಸುವಿಕೆ ಮತ್ತು ಸುಲಿಯುವಿಕೆಗೆ ಒಟ್ಟು 6 ರೂಪಾಯಿ ನಿಗದಿಯಾಗಿತ್ತು. ಮಾರುಕಟ್ಟೆಯ ದರ ಏರಿದಾಗ ವ್ಯತ್ಯಾಸವನ್ನು ಮುಖ್ಯ ಶಿಕ್ಷಕರೇ ತುಂಬಬೇಕಾಗುತ್ತದೆ ಎಂಬ ದೂರು ರಾಜ್ಯದ ನಾನಾ ಕಡೆಗಳಿಂದ ಕೇಳಿಬಂತು.

ಒಂದೇ ಶಾಲೆಯಲ್ಲಿ ಹಲವು ವೇತನ

6ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2018ರಲ್ಲಿ ಜಾರಿಯಾದ ಶ್ರೇಣಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಆರಂಭಿಕ ಮೂಲ ವೇತನ 25,800 ರೂಪಾಯಿ, ಪ್ರೌಢಶಾಲಾ ಸಹಶಿಕ್ಷಕರದು 33,450 ರೂಪಾಯಿ ಆಗಿತ್ತು. ಇದಕ್ಕೆ ತುಟ್ಟಿಭತ್ಯೆ ಮತ್ತು ಮನೆ ಬಾಡಿಗೆ ಭತ್ಯೆ ಸೇರುತ್ತವೆ. 7ನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದು, ರಾಜ್ಯ ನೌಕರರ ಕನಿಷ್ಠ ಮೂಲ ವೇತನವು 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು.

ಖಾಲಿ ಹುದ್ದೆಗಳಿಗೆ ಸರ್ಕಾರಿ ಶಾಲೆಗಳಲ್ಲಿ ಅತಿಥಿ ಶಿಕ್ಷಕರನ್ನು ಆಯಾ ಶೈಕ್ಷಣಿಕ ವರ್ಷದ ಅವಧಿಗೆ ನೇಮಿಸಿಕೊಳ್ಳಲಾಗುತ್ತದೆ. ಅವರ ಮಾಸಿಕ ಗೌರವಧನವು ಪ್ರಾಥಮಿಕ ಶಾಲೆಯಲ್ಲಿ 10,000 ರೂಪಾಯಿ, ಪ್ರೌಢಶಾಲೆಯಲ್ಲಿ 10,500 ರೂಪಾಯಿ ಇತ್ತು. 2025–26ರ ರಾಜ್ಯ ಬಜೆಟ್‌ನಲ್ಲಿ ಅದನ್ನು 2,000 ರೂಪಾಯಿ ಹೆಚ್ಚಿಸಲಾಯಿತು. ಹಾಗಿದ್ದರೂ ಅದೇ ತರಗತಿಗೆ ಅದೇ ಪಾಠ ಮಾಡುವ ಕಾಯಂ ಶಿಕ್ಷಕರ ಆರಂಭಿಕ ವೇತನದ ಅರ್ಧದಷ್ಟೂ ಆಗುವುದಿಲ್ಲ.

ಅನುದಾನಿತ ಶಾಲೆಗಳಲ್ಲಿ ಖಾಲಿಯಾದ ಹುದ್ದೆಗೆ ಆಡಳಿತ ಮಂಡಳಿ ತನ್ನ ಖರ್ಚಿನಲ್ಲಿ ಶಿಕ್ಷಕರನ್ನು ಇಟ್ಟುಕೊಳ್ಳುತ್ತದೆ. ಸರ್ಕಾರಿ ಶಾಲೆಗಳಲ್ಲಿಯೂ ಶಾಲಾಭಿವೃದ್ಧಿ ಸಮಿತಿ ಅಥವಾ ಹಳೆ ವಿದ್ಯಾರ್ಥಿ ಸಂಘದ ಹಣದಿಂದ ಗೌರವ ಶಿಕ್ಷಕರನ್ನು ನೇಮಿಸಿಕೊಳ್ಳುವುದುಂಟು. ಇವರ ಸಂಭಾವನೆಗೆ ನಿಶ್ಚಿತ ಶ್ರೇಣಿಯಿಲ್ಲ. ದಾನಿಗಳಿಂದ ಎಷ್ಟು ಸಂಗ್ರಹವಾಯಿತು ಎಂಬುದೇ ಅದನ್ನು ನಿರ್ಧರಿಸುತ್ತದೆ.

ಸ್ಥಳೀಯ ಸಂಪನ್ಮೂಲ

2001ರ ಸರ್ಕಾರಿ ಆದೇಶದಂತೆ ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನು ಒಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. 2018–19ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಡಿ, ಕೇಂದ್ರ ಮತ್ತು ರಾಜ್ಯಗಳ 60:40 ಅನುಪಾತದ ಪಾಲಿನಲ್ಲಿ, ಸರ್ಕಾರಿ ಶಾಲೆಗಳಿಗೆ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ವಾರ್ಷಿಕ ಸಂಯುಕ್ತ ಅನುದಾನ ದೊರೆಯುತ್ತದೆ. 100ರವರೆಗೆ ಮಕ್ಕಳಿರುವ ಶಾಲೆಗೆ 25,000, 250ರವರೆಗೆ 50,000, 1,000ದವರೆಗೆ 75,000 ರೂಪಾಯಿ ಎಂಬುದು ಇದರ ಸ್ಥೂಲ ಪ್ರಮಾಣ. ತೀರ ಸಣ್ಣ ಶಾಲೆಗಳಿಗೆ ಇನ್ನೂ ಕಡಿಮೆ. ಸೀಮೆಸುಣ್ಣದಿಂದ ಸಣ್ಣಪುಟ್ಟ ದುರಸ್ತಿಯವರೆಗೆ ಎಲ್ಲವನ್ನೂ ಇದರಲ್ಲಿಯೇ ನಿರ್ವಹಿಸಬೇಕು. ಕರಾವಳಿಯ ಮಳೆಗಾಲದಲ್ಲಿ ಹಂಚಿನ ಮಾಡನ್ನು ಸುಸ್ಥಿತಿಯಲ್ಲಿಡುವುದಕ್ಕೇ ಇದು ಸಾಲದು.

ಉಳಿದ ಹಣವು ಊರವರಿಂದ, ಹಳೆ ವಿದ್ಯಾರ್ಥಿಗಳಿಂದ, ಮುಂಬಯಿ ಮತ್ತು ಬೆಂಗಳೂರಿನಲ್ಲಿ ಹೋಟೆಲ್ ಮುಂತಾದ ಉದ್ಯಮಗಳಲ್ಲಿ ನೆಲೆನಿಂತ ಈ ಭಾಗದವರಿಂದ ಹಾಗೂ ಗಲ್ಫ್ ದೇಶಗಳಲ್ಲಿರುವವರಿಂದ ಬರುತ್ತದೆ. ಆಂಗ್ಲ ಮಾಧ್ಯಮ ಶಾಲೆಗಳ ಬಸ್ಸುಗಳು ಹಳ್ಳಿಗಳಿಗೆ ಬರತೊಡಗಿದ ಮೇಲೆ ಸರ್ಕಾರಿ ಮತ್ತು ಅನುದಾನಿತ ಕನ್ನಡ ಶಾಲೆಗಳೂ ದಾನಿಗಳ ನೆರವಿನಿಂದ ವಾಹನ ಇರಿಸಿಕೊಂಡಿವೆ. ವಾಹನವನ್ನು ಒಮ್ಮೆ ಕೊಡುಗೆಯಾಗಿ ಪಡೆಯಬಹುದಾದರೂ ಚಾಲಕರ ಸಂಬಳ, ಇಂಧನ ಮತ್ತು ವಿಮೆಯ ಖರ್ಚು ಪ್ರತಿವರ್ಷವೂ ಬರುತ್ತದೆ.

ದೇವಾಲಯದ ಹಣವನ್ನು ಶಾಲೆಗೆ ಬಳಸುವ ಕುರಿತು 2017ರಲ್ಲಿ ವಿವಾದ ಉಂಟಾಯಿತು. ಬೈಂದೂರು ಭಾಗದ ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದಿಂದ ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕ ಮತ್ತು ಪುಣಚದ ಎರಡು ಖಾಸಗಿ ಶಾಲೆಗಳಿಗೆ 2007ರಿಂದ ಸಂದಾಯವಾಗುತ್ತಿದ್ದ ನೆರವನ್ನು ಸರ್ಕಾರ ಆ ವರ್ಷದ ಆಗಸ್ಟ್‌ನಲ್ಲಿ ನಿಲ್ಲಿಸಿತು. ಸಾರ್ವಜನಿಕ ದೇವಾಲಯದ ನಿಧಿಯನ್ನು ಆಯ್ದ ಖಾಸಗಿ ಸಂಸ್ಥೆಗಳಿಗೆ ಕೊಡುವುದು ಸರಿಯಲ್ಲವೆಂದು ಆದೇಶದ ಸಮರ್ಥಕರು ವಾದಿಸಿದರು. ಮಕ್ಕಳ ಊಟಕ್ಕೆ ಒದಗುತ್ತಿದ್ದ ಹಣವನ್ನು ರಾಜಕೀಯ ಕಾರಣಕ್ಕೆ ತಡೆಯಲಾಯಿತೆಂದು ವಿರೋಧಿಗಳು ಆಕ್ಷೇಪಿಸಿದರು.

2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆಯು ಸರ್ಕಾರಿ ಶಾಲೆಗಳ ಪೋಷಕರಿಂದ ತಿಂಗಳಿಗೆ 100 ರೂಪಾಯಿಯಂತೆ ಸ್ವಯಂಪ್ರೇರಿತ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಸಮಿತಿಗಳಿಗೆ ಅವಕಾಶ ನೀಡುವ ಸುತ್ತೋಲೆ ಹೊರಡಿಸಿತು. ಉಚಿತ ಶಿಕ್ಷಣದ ಹಕ್ಕಿಗೆ ಇದು ವಿರುದ್ಧ ಎಂಬ ಟೀಕೆ ರಾಜ್ಯಾದ್ಯಂತ ವ್ಯಕ್ತವಾದುದರಿಂದ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು.

ವಾದಗಳು

ವೇತನಾನುದಾನವನ್ನು ವಿಸ್ತರಿಸಬೇಕೆನ್ನುವವರ ಪ್ರಕಾರ, ಸರ್ಕಾರಿ ಶಾಲೆ ಇಲ್ಲದ ಊರುಗಳಲ್ಲಿ ಅನುದಾನಿತ ಶಾಲೆಗಳೇ ಸಾರ್ವಜನಿಕ ಶಾಲೆಗಳಾಗಿ ಕೆಲಸ ಮಾಡಿವೆ. ಜಾಗ ಮತ್ತು ಕಟ್ಟಡವನ್ನು ಊರೇ ಕೊಟ್ಟಿರುವಾಗ ಶಿಕ್ಷಕರನ್ನು ಕೊಡುವುದು ಸರ್ಕಾರದ ಕನಿಷ್ಠ ಕರ್ತವ್ಯ. ಹುದ್ದೆ ಖಾಲಿಯಿದ್ದರೆ ಪೋಷಕರು ಮಕ್ಕಳನ್ನು ಬೇರೆಡೆಗೆ ಸೇರಿಸುತ್ತಾರೆ. ಮಕ್ಕಳು ಕಡಿಮೆಯಾದರೆಂದು ಮುಂದಿನ ಹುದ್ದೆಯೂ ಹೋಗುತ್ತದೆ. ಶಾಲೆ ಮುಚ್ಚಿದರೆ ಬಸ್ಸಿನ ಶುಲ್ಕ ಕೊಡಲಾಗದ ಮನೆಯ ಮಕ್ಕಳಿಗೆ ಹತ್ತಿರದಲ್ಲಿ ಬೇರೆ ದಾರಿಯಿರುವುದಿಲ್ಲ.

ವಿಸ್ತರಣೆಯನ್ನು ಒಪ್ಪದವರು ಬೇರೆ ಅಂಶಗಳನ್ನು ಮುಂದಿಡುತ್ತಾರೆ. ನೇಮಕದ ಅಧಿಕಾರ ಆಡಳಿತ ಮಂಡಳಿಯ ಕೈಯಲ್ಲಿದ್ದು ವೇತನ ಮಾತ್ರ ಸರ್ಕಾರದ್ದಾದರೆ ಆಯ್ಕೆಯಲ್ಲಿ ಪಾರದರ್ಶಕತೆ ಉಳಿಯದು, ಮೂರು ನಾಲ್ಕು ಕಿಲೋಮೀಟರ್ ಅಂತರದಲ್ಲಿ ಬೆರಳೆಣಿಕೆಯ ಮಕ್ಕಳಿರುವ ಹಲವು ಶಾಲೆಗಳನ್ನು ನಡೆಸುವ ಬದಲು ಒಂದನ್ನು ಬಲಪಡಿಸುವುದು ಮೇಲು ಎಂಬುದು ಅವರ ನಿಲುವು. 2018–19ರಿಂದ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಈ ಚಿಂತನೆಗೆ ಹತ್ತಿರವಾಗಿವೆ.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ 25 ಶೇಕಡ ಸೀಟುಗಳ ಶುಲ್ಕವನ್ನು ಸರ್ಕಾರ ಮರುಪಾವತಿಸುತ್ತಿದ್ದುದೂ ಈ ಚರ್ಚೆಯ ಭಾಗವಾಗಿತ್ತು. ಒಂದು ಮಗುವಿಗೆ ವರ್ಷಕ್ಕೆ 11,848 ರೂಪಾಯಿವರೆಗೆ ಇದ್ದ ಈ ಮೊತ್ತವನ್ನು ಮುಂದೆ 16,000 ರೂಪಾಯಿಗೆ ಏರಿಸಲಾಯಿತು. ಇದರಿಂದ ಸರ್ಕಾರಿ ಶಾಲೆಗಳ ದಾಖಲಾತಿ ಕುಸಿಯುತ್ತಿದೆ ಎಂಬ ಆಕ್ಷೇಪದ ನಂತರ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಶಾಲೆಗೆ ಈ ಪ್ರವೇಶ ಇಲ್ಲವೆಂದು 2019ರಲ್ಲಿ ನಿಯಮವನ್ನು ಬದಲಾಯಿಸಲಾಯಿತು.

ಇತರೆಡೆಗಳೊಂದಿಗೆ ಹೋಲಿಕೆ

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ ತಾಲ್ಲೂಕಾಗಿದ್ದು, ಅಲ್ಲಿನ ಕನ್ನಡ ಶಾಲೆಗಳೂ ಮದರಾಸಿನ ಅದೇ ನಿಯಮಗಳಡಿ ಬೆಳೆದವು. ಕೇರಳಕ್ಕೆ ಸೇರಿದ ಬಳಿಕ ಅವು 1958ರ ಕೇರಳ ಶಿಕ್ಷಣ ಕಾಯ್ದೆಗೆ ಒಳಪಟ್ಟವು. ಶಿಕ್ಷಕರ ವೇತನವನ್ನು ಸಂಚಾಲಕರ ಕೈಗೆ ಕೊಡದೆ ಸರ್ಕಾರವೇ ನೇರವಾಗಿ ಪಾವತಿಸುವುದು ಆ ಕಾಯ್ದೆಯ ಪ್ರಮುಖ ಅಂಶವಾಗಿತ್ತು. ನೇಮಕದ ಅಧಿಕಾರ ಅಲ್ಲಿಯೂ ಸಂಚಾಲಕರಲ್ಲಿ ಉಳಿಯಿತು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಶಾಲೆಯ ಆದಾಯದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಶಾಲಾ ಜಿಲ್ಲೆಯ ಮುಖ್ಯಾಧಿಕಾರಿಯ ವೇತನವನ್ನು ಸ್ಥಳೀಯ ಮಂಡಳಿ ಒಪ್ಪಂದದ ಮೂಲಕ ಗೊತ್ತುಪಡಿಸುವುದರಿಂದ ಅದು ತೆರಿಗೆದಾರರ ಚರ್ಚೆಗೆ ಒಳಗಾಗುತ್ತದೆ. ನ್ಯೂಜೆರ್ಸಿ ರಾಜ್ಯವು 2011ರಲ್ಲಿ ಇಂಥ ವೇತನಕ್ಕೆ ಮಿತಿ ವಿಧಿಸಿ, ಅನುಭವಿಗಳು ನೆರೆಯ ರಾಜ್ಯಗಳಿಗೆ ಹೋಗುತ್ತಿದ್ದಾರೆಂಬ ದೂರಿನ ಬಳಿಕ 2019ರಲ್ಲಿ ಅದನ್ನು ರದ್ದುಪಡಿಸಿತು. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರಗಳಲ್ಲಿ ಊರಿಗೆ ಅಂಥ ತೆರಿಗೆಯ ಅಧಿಕಾರವಿಲ್ಲ, ವೇತನ ನಿಗದಿಪಡಿಸುವ ಅಧಿಕಾರವೂ ಇಲ್ಲ. ಆದರೂ ಸರ್ಕಾರದ ಹುದ್ದೆ ಖಾಲಿಯಿರುವಷ್ಟು ಕಾಲ ಗೌರವ ಶಿಕ್ಷಕರ ಸಂಭಾವನೆಯನ್ನು ಕೊಡುತ್ತಿರುವವರು ಊರಿನವರೇ ಆಗಿದ್ದಾರೆ.